ಚರ್ಮದ ಡಾಕ್ಟರಿಗೊಂದು ಚೀಟಿ

ಹರ್ನಿಯಾ ಆಪರೇಷನ್ನಿಗೆಂದು ದೊಡ್ಡಾಸ್ಪತ್ರೆ ಸೇರಿದ್ದ ಅಜ್ಜಂಪುರದ ಷಣ್ಮುಖಪ್ಪನ ಎದೆಯ ಮೇಲೊಂದು ಕಪ್ಪು ಮಚ್ಚೆ. ಅದನ್ನು ಕಂಡ ಸರ್ಜನ್ನರು ಆಪರೇಷನ್ ಮುಂದೂಡಿ, ಮೊದಲು ಚರ್ಮದ ಡಾಕ್ಟರು ನೋಡಲೆಂದು ಚೀಟಿ ಬರೆದರು. ಆ ಡಾಕ್ಟರು ಕೂರುತ್ತಿದ್ದುದೋ, ಕುಷ್ಠರೋಗಿಗಳು ಸಾಲುಗಟ್ಟುವ ಹಿಂದಿನ ಶೆಡ್ಡಿನಲ್ಲಿ.

ಗ್ರಹಚಾರಕ್ಕೆ, ಕ್ಷೇಮ ಕೇಳಲು ಬಂದ ತರೀಕೆರೆಯ ಬೀಗ ಬೆನಕಪ್ಪ ಅದೇ ಸಾಲಿನಲ್ಲಿ ಅವನನ್ನು ಕಂಡುಬಿಟ್ಟ. "ಏನು ರೋಗ ಅಂತ ಡಾಕ್ಟ್ರ ಕೈಲಿ ಬರೆಸ್ಕಂಡ್ ಬನ್ನಿ. ಲಗ್ನದ ಮಾತು ಆಮೇಲೆ," ಎಂದು ಹೊರಗಿನ ಬೆಂಚಿನ ಮೇಲೆ ಕೂತ. ಮಗಳ ಮದುವೆಗೆ ಇನ್ನು ಇಪ್ಪತ್ತೇ ದಿನ. ಷಣ್ಮುಖಪ್ಪನಿಗೆ ಹರ್ನಿಯಾ ಮರೆತೇಹೋಯಿತು.

"ಯಾವಾಗಿನಿಂದ?" ಎಂದರು ಚರ್ಮದ ಡಾಕ್ಟರು.

"ನಿಶ್ಚಿತಾರ್ಥ ಆದಾಗ್ನಿಂದ ಸ್ವಾಮಿ. ನವೆ ಅಂದ್ರೆ ನವೆ," ಎಂದಳು ಹೆಂಡತಿ ತೀರ್ಥಮ್ಮ.

"ಎದೆ ಮೇಲೆ ಹೊಸದಾಗಿ ಏನಾದರೂ ಹಾಕಿಕೊಂಡಿರಾ?"

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಇಷ್ಟಲಿಂಗವಿಟ್ಟು ಕೊರಳಿಗೆ ಕಟ್ಟಿಕೊಂಡ ಕರಡಿಗೆಗೆ ಅನ್ಯರ ಕೈ ತಾಗಬಾರದೆಂದು ಷಣ್ಮುಖಪ್ಪ ಡಾಕ್ಟರು ಬಂದಾಗಲೆಲ್ಲ ಅದನ್ನು ಬೆನ್ನಿಗೆ ಸರಿಸಿಬಿಡುತ್ತಿದ್ದ. ಈಗ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು, ಬರಿ ಕರಡಿಗೆಯನ್ನು ಮುಂದಿಟ್ಟ. ಮಚ್ಚೆಯೂ ಅಷ್ಟೇ ಅಗಲವಿತ್ತು.

"ಕುಷ್ಠ ಅಲ್ಲಪ್ಪಾ. ಇದು ಬೆಳ್ಳಿಯಲ್ಲ, ಜರ್ಮನ್ ಸಿಲ್ವರ್, ನಿಕ್ಕಲ್ ಬೆರೆತದ್ದು. ಕೆಲವರ ಮೈಗೆ ಆಗೋದಿಲ್ಲ. ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳಿ, ಮುಲಾಮು ಹಚ್ಚಿ, ವಾಸಿಯಾಗುತ್ತೆ."

ತೀರ್ಥಮ್ಮನಿಗೆ ಅಳುವೇ ಬಂತು. "ಅದ್ನೇ ಕನ್ನಡದಾಗೆ ಬರ್ಕೊಡಿ ಸ್ವಾಮಿ."

ಡಾಕ್ಟರು ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದರು: "ಬೆಳ್ಳಿಯಲ್ಲದ ಕರಡಿಗೆ ತಾಗಿ..."

"ತಡೀರಿ ಸ್ವಾಮಿ!" ಎಂದ ಷಣ್ಮುಖಪ್ಪ. "ಅದು ನಿಶ್ಚಿತಾರ್ಥದಾಗೆ ಬೀಗರೇ ಕೊಟ್ಟಿದ್ದು. ಬೆಳ್ಳಿದು ಅಂತ."

"ಕಾರಣ ಬಿಟ್ಟುಬಿಡಲೇ?"

"ಬಿಟ್ರೆ ಅವ್ರು ನಂಬಲ್ಲ. ಬರೆದ್ರೆ ಬೀಗತನ ಉಳಿಯಲ್ಲ. ನಂಗೊಂದೂ ತಿಳೀವಲ್ದು."

"ಇದ್ದದ್ದು ಬರೆದಿದ್ದೇನೆ. ತೋರಿಸೋದು ಬಿಡೋದು ನಿಮಗೆ ಸೇರಿದ್ದು," ಎಂದು ಡಾಕ್ಟರು ಮುಂದಿನವರನ್ನು ಕರೆದರು.

ಹೊರಗೆ ಬೆನಕಪ್ಪ ಬೆಂಚಿನಿಂದೆದ್ದ. "ಏನಂದ್ರು ಬೀಗರೇ?"

ಷಣ್ಮುಖಪ್ಪ ಚೀಟಿ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಕುಷ್ಠ ಅಲ್ವಂತೆ. ನನ್ನ ಮೈಗೆ... ಬೆಳ್ಳಿ ಆಗಿಬರಲ್ವಂತೆ."

ಬೆನಕಪ್ಪ ತೀರ್ಥಮ್ಮನ ಕೈಯಲ್ಲಿದ್ದ ಬರಿ ಕರಡಿಗೆಯತ್ತ ನೋಡಿ, ಥಟ್ಟನೆ ಕಣ್ಣು ತೆಗೆದ. "ಹಂಗಾದ್ರೆ ಲಗ್ನ ನಡೀಲಿ ಬಿಡಿ," ಎಂದ. ಚೀಟಿಗೆ ಕೈ ಚಾಚಲೇ ಇಲ್ಲ.