ಏಳೂಕಾಲರ ಪಂದ್ಯ

ಮುನಿರತ್ನಮ್ಮ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿರುವಾಗ ಬೆಳಿಗ್ಗೆ ಏಳೂಕಾಲಾಯಿತು. ದಿನದಂತೆ ಮಣ್ಣಿನಿಂದ ಹಳೆಯ ಫುಟ್‌ಬಾಲ್ ಪಂದ್ಯ ಎದ್ದುಬಂತು. ಬೂಟು ತೊಟ್ಟ ಬಿಳಿ ಸೋಲ್ಜರುಗಳೂ ಬರಿಗಾಲಿನ ನಮ್ಮವರೂ ಅವಳ ಮೈಯನ್ನೇ ಹಾದು ಓಡಿದರು. ಅವಳು ಬಕೆಟ್ಟು ಸರಿಸಿಕೊಂಡು ಗೆರೆ ಮುಂದುವರಿಸಿದಳು.

ನೋಡಲು ಬಂದವರ ಕಣ್ಣೆಲ್ಲ ದಾಸಪ್ಪನ ಗೋಲಿನ ಮೇಲೆ. ನಮ್ಮವರು ಬಿಳಿ ಸೋಲ್ಜರುಗಳ ಪಲ್ಟನ್ನನ್ನು ಮೊದಲ ಸಲ ಸೋಲಿಸಿದ ಗೋಲದು. ದಾಸಪ್ಪನಿಗೆ ಚೆಂಡು ಕೊಟ್ಟವನ ಕಾಲನ್ನು ಅದೇ ಗಳಿಗೆಯಲ್ಲಿ ಒಂದು ಬೂಟು ಮುರಿಯುವುದನ್ನು ಯಾರೂ ನೋಡುವುದಿಲ್ಲ. ಆ ಚೆಂಡು ಕೊಟ್ಟವನೇ ಮುನಿರತ್ನಮ್ಮನ ಅಪ್ಪ. ಮನೆಯಲ್ಲಿ ಅವಳು ಕಂಡದ್ದು ಊರುಗೋಲಿನ ಅಪ್ಪನನ್ನು. ಓಡುವ ಅಪ್ಪ ಇಲ್ಲಿ ಮಾತ್ರ ಸಿಗುತ್ತಿದ್ದ.

ಆಡಿದವರ ಮಕ್ಕಳು ಬರೆದು ಕೇಳಿದರೆ ಪಂದ್ಯವನ್ನು ಮಣ್ಣಿನಿಂದ ಅಳಿಸಬೇಕೆಂದು ಕಾನೂನಿತ್ತು. ಅವಳು ಕಾಗದ ಬರೆದು ಆರು ವರ್ಷವಾಗಿತ್ತು. ಕಾಲು ಮುರಿಯುವ ಮುಂಚಿನ ಅಪ್ಪನ ಇಪ್ಪತ್ತು ನಿಮಿಷದ ಓಟ ನೋಡುವ ಆಸೆಗೆ ಅಂಚೆಗೆ ಹಾಕಿರಲಿಲ್ಲ.

"ಕೇಳಜ್ಜಿ, ಮೈದಾನದ ಸಂಘದೋರು ಇವತ್ತಿಂದ ಪಂದ್ಯದ ಸೌಂಡೂ ಹಾಕ್ಸವ್ರೆ!" ಎಂದು ಗೈಡ್ ಸಂಪಂಗಿ ಕೂಗಿದ. "ಇಷ್ಟ್ ದಿನ ಮೂಕರ ಆಟ ಆಗೋಗಿತ್ತು."

"ನಿನ್ನ ಗಂಟಲೇ ಸಾಕಾಗಿತ್ತಲ್ಲೋ," ಎಂದಳು.

ಗೋಲಾಯಿತು. ಸಾವಿರ ಜನ ಒಟ್ಟಿಗೆ ಕೂಗಿದರು. ಆ ಗದ್ದಲದ ಅಡಿಯಲ್ಲಿ, ಅವಳ ಕಾಲ ಬುಡದಲ್ಲೇ, ಅಪ್ಪ "ಅವ್ವಾ, ಅವ್ವಾ" ಎಂದು ಅರಚುತ್ತಿದ್ದ.

"ಹೆಂಗೈತೆ? ಮೈ ಜುಂ ಅನ್ಲಿಲ್ವಾ?" ಎಂದ ಸಂಪಂಗಿ.

"ನಾಳೆನೂ ಹಿಂಗೇ ಅರಚ್ತಾನಾ?"

"ಯಾರಜ್ಜಿ? ದಿನಾ ಇದೇ ಸೌಂಡು. ಮಳೆ ಬಂದ್ರೂ ತಪ್ಪಲ್ಲ."

ಗೆರೆಯನ್ನು ಅರ್ಧಕ್ಕೇ ಬಿಟ್ಟು ಅವಳು ಮನೆಗೆ ಹೋಗಿ ಪೆಟ್ಟಿಗೆಯಿಂದ ಕಾಗದ ತೆಗೆದಳು. ಅಪ್ಪನ ಓಟವನ್ನು ಇನ್ನೊಂದೇ ಬೆಳಿಗ್ಗೆ ನೋಡೋಣವೆಂದು ಮನಸ್ಸು ಎಳೆಯುವ ಮುಂಚೆ, ಸುಣ್ಣದ ಕೈಯಲ್ಲೇ ಅದನ್ನು ಅಂಚೆಡಬ್ಬಿಗೆ ಹಾಕಿದಳು.