ಎಲೆ ಬಿಡಿಸಿದ ತುತ್ತು

"ಆ ಮಾಡು," ಎಂದು ಬೊಂಗ್ಸುನ್, ಅನ್ನ ಮಾಂಸವಿಟ್ಟು ಮಡಚಿದ ಹಸಿ ಲೆಟ್ಯೂಸ್ ಎಲೆಯ ತುತ್ತನ್ನು ಮಗಳ ಬಾಯಿಗೆ ಹಿಡಿದಳು. ಹೇವನ್ ಬಾಯಿ ತೆರೆಯಲಿಲ್ಲ.

"ಸಿಯೋಲ್ ನೀರು ಕುಡಿದು ಬಾಯಿ ಚಿಕ್ಕದಾಯ್ತೇನೇ? ನಿಮ್ಮಪ್ಪ ಹೋದ್ಮೇಲೆ ಯಾರಿಗೂ ತುತ್ತು ಕಟ್ಟಿಲ್ಲ ನಾನು."

ಈ ಎಲೆ ಬೆಳೆದ ಅಮ್ಮನ ತೋಟಕ್ಕೆ ಹಾಯುವ ಹೊಳೆನೀರನ್ನು ಸಿಯೋಲಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದು ಸ್ವತಃ ಹೇವನ್. ಯಾವ ಔಷಧಕ್ಕೂ ಸಾಯದ ರೋಗಾಣುಗಳು ನೀರಿನಲ್ಲೂ ಇದ್ದವು, ಎಲೆಗಳಲ್ಲೂ ಇದ್ದವು.

"ಸೊಪ್ಪು ಬೇಯಿಸ್ಕೊಂಡು ತಿನ್ನೋಣಮ್ಮ. ಹಸೀದನ್ನ ನೀನೂ ತಿನ್ಬೇಡ. ಜ್ವರ ಬಂದ್ರೆ ಮಾತ್ರೆ ಕೆಲಸ ಮಾಡಲ್ಲ."

"ಬೇಯಿಸಿದ ಲೆಟ್ಯೂಸಾ? ನಾಯಿನೂ ಮೂಸಲ್ಲ ಕಣೇ."

ಮಗಳು ನಗಲಿಲ್ಲ. ಬೊಂಗ್ಸುನ್ ನಿಧಾನವಾಗಿ ಎಲೆ ಬಿಡಿಸಿ, ಒಳಗಿನ ಅನ್ನವನ್ನಷ್ಟೇ ಮುಂದೆ ಹಿಡಿದಳು. ಎಲೆ ತಾಗಿದ ಅನ್ನವೂ ಬೇಡವೆಂದು ಹೇಳಲಾರದೆ ಹೇವನ್ ಬಾಯಿ ತೆರೆದಳು. ತಾಯಿ ಉಳಿದ ಎಲೆಯನ್ನು ತನ್ನ ಬಾಯಿಗೆ ಹಾಕಿಕೊಂಡು, ತೋಟದ ಕಡೆ ತಿರುಗಿ ಒಬ್ಬಳೇ ಅಗಿದಳು.