ಪ್ರೊಫೆಸರರ ಆಪ್ತ ಸ್ನೇಹಿತ

ವೇದಿಕೆಯ ಮೇಲೆ ಪ್ರೊಫೆಸರರು ತಮ್ಮ ಹೊಸ ಪುಸ್ತಕದ ಬಗ್ಗೆ ಮಾತಾಡುತ್ತಿದ್ದರು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಕಳಿಸುವುದನ್ನು ಮನುಷ್ಯ ಕಲಿತ ಕಥೆ ಅದು. ಕೊನೆಯ ಸಾಲಿನಲ್ಲಿದ್ದ ವಾರಿಜಾಗೆ ಅದರ ಪ್ರತಿ ವಾಕ್ಯವೂ ಬಾಯಿಪಾಠ. ಹಗಲು ಪಾಠ, ಸಂಜೆ ಅಡಿಗೆ ಎಂದು ಸಂಸಾರದ ಸಂದಿಯಲ್ಲಿ ಅದನ್ನು ಬರೆದವಳೇ ಅವಳು. ವಿಭಾಗದ ಕಂಪ್ಯೂಟರಿನಲ್ಲಿದ್ದ ಅವಳ ಕರಡನ್ನು, ಅವಳ ಸಂಶೋಧನೆಗೆ ಗೈಡ್ ಆಗಿದ್ದ ಈ ಮಹಾನುಭಾವರು ತಮ್ಮ ಕೋಣೆಯಲ್ಲಿ ಕೂತಲ್ಲಿಂದಲೇ ತಮ್ಮ ಕಂಪ್ಯೂಟರಿಗೆ ನಕಲು ಎಳೆದುಕೊಂಡಿದ್ದರು.

ದೂರು ಕೊಟ್ಟಾಗ ಡೀನ್ ನಕ್ಕಿದ್ದರು. "ನಿಮ್ಮ ಫೈಲು ನಿಮ್ಮ ಹತ್ರಾನೇ ಇದೆಯಲ್ಲಮ್ಮ, ಕಳುವಾಗಿದ್ದು ಏನು? ಅವರು ಬರೆದಿದ್ದಲ್ಲ ಅನ್ನೋಕೆ ಸಾಕ್ಷಿ ತನ್ನಿ."

ಆ ಡೀನ್ ಈಗ ಮುಂದಿನ ಸಾಲಿನಲ್ಲೇ ಕೂತಿದ್ದರು. ಪ್ರಶ್ನೆಗಳಿಗೆ ಅವಕಾಶ ಸಿಕ್ಕಿದ್ದೇ ವಾರಿಜಾ ಎದ್ದಳು.

"ಸರ್, ಮೊದಲ ಫೈಲು ಕಳಿಸಿದ್ದು ಬ್ರೂನೊ ಅನ್ನೋ ಎಂಜಿನಿಯರ್ ಅಂತ ಬರೆದಿದ್ದೀರಿ. ಅವರ ಹೆಸರು ಬೇರೆಲ್ಲೂ ಸಿಗಲ್ವಲ್ಲ?"

"ಎಲ್ಲಿ ಸಿಗುತ್ತಮ್ಮ! ಪ್ರಚಾರ ಅಂದ್ರೆ ಮಾರು ದೂರ ಹೋಗೋ ಮನುಷ್ಯ. ನನಗೆ ಮಾತ್ರ ಬಹಳ ಆಪ್ತರು."

"ನೀವು ಖುದ್ದಾಗಿ ನೋಡಿದ್ದೀರಾ?"

"ನೋಡೋದೇನು ಬಂತು! ಹೋದ ವರ್ಷ ನಮ್ಮನೇಲೇ ಊಟ ಮಾಡಿದ್ರು. ನಮ್ಮ ಮನೆಯವರ ಬಿಸಿಬೇಳೆಬಾತು ಎರಡೆರಡು ಸಲ ಹಾಕಿಸ್ಕೊಂಡ್ರು!"

ಸಭೆ ಚಪ್ಪಾಳೆ ತಟ್ಟಿತು. ಡೀನ್ ಎಲ್ಲರಿಗಿಂತ ಜೋರಾಗಿ ತಟ್ಟಿದರು.

"ನಮ್ಮನೇಲಿ ಬ್ರೂನೊ ಅದನ್ನ ಮೂಸಿಯೂ ನೋಡಲ್ಲ ಸರ್," ಎಂದಳು ವಾರಿಜಾ. "ನಿಜವಾದ ಹೆಸರು ಸಿಗೋವರೆಗೆ ಇರಲಿ ಅಂತ, ಕರಡಿನಲ್ಲಿ ನಮ್ಮ ನಾಯಿ ಹೆಸರು ಹಾಕಿಟ್ಟಿದ್ದೆ."